ಲೈನ್ ನಿಲ್ಲಿಸುವ ಸಹಿ

ನನ್ನ ಅತ್ತಿಗೆ ರತ್ನಪ್ರಭಾ ಯಾವ ಬಟ್ಟೆಯನ್ನೂ ಮೊದಲು ಹೊರಗಿನಿಂದ ನೋಡಿದವಳಲ್ಲ. ದೆಹಲಿಯ ಲಾಜಪತ್ ನಗರದ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ನಾನು ತಂದ ಚೂಡಿದಾರನ್ನು ಕೈಗೆ ಕೊಟ್ಟ ಕೂಡಲೇ ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, "ಕಂಕುಳಲ್ಲಿ ಬಿಟ್ಕೊಳ್ಳತ್ತೆ ಇದು" ಅಂದಿದ್ದಳು. ಬಿಟ್ಟುಕೊಂಡಿತು ಕೂಡ. ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಅವಳು ಚೆಕ್ಕರ್. ವಿದೇಶಕ್ಕೆ ಹೋಗುವ ಶರ್ಟುಗಳನ್ನು ದಿನವಿಡೀ ತಿರುಗಿಸಿ ನೋಡಿ, ಪಾಸು ಇಲ್ಲವೇ ರಿಜೆಕ್ಟು ಅನ್ನುವುದು ಅವಳ ಕೆಲಸ. "ಮೊಸರಲ್ಲಿ ಕಲ್ಲು ಹುಡುಕೋದಕ್ಕೇ ಸಂಬಳ ಕೊಡ್ತಾರೆ ಇವಳಿಗೆ" ಅಂತ ಅಣ್ಣ ರೇಗಿಸುತ್ತಿದ್ದ. ನನಗಿಂತ ಎರಡೇ ವರ್ಷ ದೊಡ್ಡವಳಾದ್ದರಿಂದ ನಮ್ಮಿಬ್ಬರ ನಡುವೆ ಬಹುವಚನ ಇರಲಿಲ್ಲ. ಜಗಳಕ್ಕೆ ಅದು ಅನುಕೂಲವೂ ಆಗಿತ್ತು.

ಅಣ್ಣ ಚಿದಂಬರ ಫರೀದಾಬಾದಿನಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. 2005ರ ಜನವರಿಯಲ್ಲಿ, ಎದುರಿಗಿದ್ದವರ ಮುಖ ಕಾಣದಷ್ಟು ಮಂಜಿದ್ದ ಬೆಳಿಗ್ಗೆ, ಮಥುರಾ ರಸ್ತೆಯಲ್ಲಿ ಅವನ ಸ್ಕೂಟರಿಗೆ ಟೆಂಪೊ ಗುದ್ದಿತು. ಕುತ್ತಿಗೆಯ ಮೂಳೆ ಮುರಿಯಿತು. ಜೀವ ಉಳಿಯಿತು, ಮಾತು ಉಳಿಯಿತು, ಭುಜದಿಂದ ಕೆಳಗೆ ಏನೂ ಉಳಿಯಲಿಲ್ಲ. ಹಗಲು ಒಬ್ಬ ಅಟೆಂಡೆಂಟ್ ಭಯ್ಯಾ ನೋಡಿಕೊಳ್ಳುತ್ತಿದ್ದ. ಉಳಿದ ಹೊತ್ತೆಲ್ಲ ಅತ್ತಿಗೆಯೇ. ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ಒಂದೊಂದು ಅಂಗುಲವನ್ನೂ ನೋಡುವುದು. ಎರಡು ವರ್ಷದಲ್ಲಿ ಅಣ್ಣನ ಬೆನ್ನಲ್ಲಿ ಒಂದು ಕೆಂಪು ಚುಕ್ಕೆಯನ್ನೂ ಅವಳು ಬೆಳೆಯಗೊಡಲಿಲ್ಲ.

ಆ ಪ್ರಯೋಗದ ಸುದ್ದಿಯನ್ನು ಮನೆಗೆ ತಂದವಳು ನಾನು. ಆಗ ದೆಹಲಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಹೊರದೇಶದ ಕಂಪನಿಯೊಂದು ಅಣ್ಣನಂಥ ರೋಗಿಗಳನ್ನು ಹುಡುಕುತ್ತಿದೆ ಎಂದು ಗೆಳತಿಯೊಬ್ಬಳಿಂದ ಗೊತ್ತಾಯಿತು. ಡಾಕ್ಟರ್ ಸಭರ್ವಾಲ್ ತಮ್ಮ ಕೋಣೆಯಲ್ಲಿ ನಮಗೆ ಆ ವಸ್ತು ತೋರಿಸಿದರು. ತೊಗರಿಬೇಳೆಯಷ್ಟೇ ಅಗಲ, ಅದರಲ್ಲಿ ಕೂದಲಿಗಿಂತ ತೆಳುವಾದ ನೂರು ಸೂಜಿ. ತಲೆಬುರುಡೆ ತೆರೆದು, ಕೈಗೆ ಅಪ್ಪಣೆ ಕೊಡುವ ಮಿದುಳಿನ ಭಾಗಕ್ಕೆ ಅದನ್ನು ಚುಚ್ಚಿಡುತ್ತಾರೆ. ತಲೆಯ ಮೇಲೊಂದು ಸಾಕೆಟ್ಟು, ಅಲ್ಲಿಂದ ಕಂಪ್ಯೂಟರಿಗೆ ತಂತಿ. ಕೈ ಆಡಿಸಬೇಕು ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಪರದೆಯ ಮೇಲಿನ ಬಾಣ ಆಡುತ್ತದೆ. ಅವರು ಹಾಕಿದ ವಿಡಿಯೊದಲ್ಲಿ ಗಾಲಿಕುರ್ಚಿಯಲ್ಲಿದ್ದ ಒಬ್ಬಾತ ಸುಮ್ಮನೆ ಕೂತೇ ಒಂದು ವೃತ್ತ ಎಳೆದ. ವಂಕರವಂಕರ ವೃತ್ತ. ಅಣ್ಣನ ಕಣ್ಣಿಂದ ನೀರಿಳಿಯಿತು.

"ಎದ್ದು ಓಡಾಡಬೇಕು ಅಂತೇನಿಲ್ಲ ಅಪೂರ್ವಾ. ಒಂದು ಗೆರೆ ಎಳೆದರೆ ಸಾಕು ನಂಗೆ" ಅಂದ.

ಅಪಾಯಗಳನ್ನೂ ಡಾಕ್ಟರು ಮುಚ್ಚಿಡಲಿಲ್ಲ. ರಕ್ತ ಸುರಿಯಬಹುದು, ಕೀವಾಗಬಹುದು, ಫಿಟ್ಸ್ ಬರಬಹುದು, ಏನೂ ಆಗದೆ ಯಂತ್ರ ಸುಮ್ಮನೆ ಸತ್ತುಹೋಗಲೂಬಹುದು. ಅಣ್ಣ ಬಾಯಲ್ಲೇ ಒಪ್ಪಿಗೆ ಕೊಟ್ಟ. ಆದರೆ ನೋಡಿಕೊಳ್ಳುವವರ ಸಹಿಯೂ ಬೇಕಿತ್ತು. ಅತ್ತಿಗೆ ಹದಿನಾಲ್ಕು ಪುಟದ ಆ ಫಾರಮ್ಮನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, "ಓದಿ ಹೇಳ್ತೀವಿ ಸರ್" ಅಂದಳು. ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು.

ಮೂರು ವಾರ ಓದಿದಳು. ಒಂದೊಂದು ಸಾಲನ್ನೂ ನನ್ನ ಕೈಲಿ ಕನ್ನಡಕ್ಕೆ ಹೇಳಿಸಿದಳು. ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್. ಬೇರೆ ರೋಗಿಗಳು ಸಾಲಿನಲ್ಲಿದ್ದರು. ಅಣ್ಣ ಮಾತು ಕಡಿಮೆ ಮಾಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಅಂತ ನಾನು ಕುದಿಯುತ್ತಿದ್ದೆ. ಒಂದು ಭಾನುವಾರ ತಡೆಯಲಾರದೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ: "ಅವನು ಸ್ವಲ್ಪ ಸುಧಾರಿಸಿದರೆ ನಿನ್ನ ಯಜಮಾನಿಕೆ ಹೋಗತ್ತೆ ಅಂತ ಭಯ, ಅಲ್ವಾ?"

ಆ ಮಾತು ಆಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಅತ್ತಿಗೆ ಒಲೆ ಆರಿಸಿ, ನನ್ನ ಕಡೆ ತಿರುಗಿದಳು.

"ಮಿಷನ್ನಲ್ಲಿ ಸೂಜಿ ಮುರಿದರೆ ನಮ್ಮಲ್ಲಿ ಏನು ಮಾಡ್ತೀವಿ ಗೊತ್ತಾ? ಲೈನ್ ನಿಲ್ಲಿಸ್ತೀವಿ. ಅಷ್ಟೂ ಚೂರು ಸಿಗೋ ತನಕ ಯಾರೂ ಒಂದು ಹೊಲಿಗೆ ಹಾಕೋ ಹಾಗಿಲ್ಲ. ಒಂದು ಚೂರು ಶರ್ಟಲ್ಲಿ ಉಳಿದು ಯಾವುದೋ ದೇಶದ ಮಗುಗೆ ಚುಚ್ಚಿಬಿಟ್ಟರೆ ಅಂತ. ನಿಲ್ಲಿಸೋಕೆ ಮ್ಯಾನೇಜರನ್ನ ಕೇಳಬೇಕಾಗಿಲ್ಲ. ನಾನು ಕೈ ಎತ್ತಿದರೆ ಸಾಕು, ನಿಲ್ಲತ್ತೆ. ಈ ಹದಿನಾಲ್ಕು ಪುಟದಲ್ಲಿ ಹುಡುಕಿದೆ ಅಪೂರ್ವಾ. ನಿಲ್ಲಿಸೋರು ಯಾರು ಅಂತ ಎಲ್ಲೂ ಬರೆದಿಲ್ಲ."

ನಾನು ಫಾರಮ್ಮು ತಿರುವಿ ನೋಡಿದೆ. ನಿಜ. ಕಂಪನಿಯ ಸಮಿತಿ ಪರಿಶೀಲಿಸಿ ತೀರ್ಮಾನಿಸುವುದು ಎಂದಿತ್ತು. ಆ ಸಮಿತಿ ಸಮುದ್ರದಾಚೆ ಇತ್ತು. ಪಿಎಚ್.ಡಿ. ಮಾಡುತ್ತಿದ್ದವಳು ನಾನು, ಅದು ಬಿದ್ದದ್ದು ಅವಳ ಕಣ್ಣಿಗೆ.

ಮತ್ತೆ ಆಸ್ಪತ್ರೆಗೆ ಹೋದಾಗ ಅವಳು ತನ್ನ ಓಖ್ಲಾ ಹಿಂದಿಯಲ್ಲಿ ಅದನ್ನೇ ಕೇಳಿದಳು. "ಮೇಡಮ್, ಇದು ಶರ್ಟ್ ಫ್ಯಾಕ್ಟರಿಯಲ್ಲ" ಅಂದರು ಡಾಕ್ಟರ್ ಸಭರ್ವಾಲ್. "ಅದಕ್ಕೇ ಕೇಳ್ತಿದ್ದೀನಿ ಸರ್" ಅಂದಳು. ಕೊನೆಗೆ ಹದಿನೈದನೆಯ ಪುಟವೊಂದು ಸೇರಿತು: ರೋಗಿಯ ಜೀವಕ್ಕೆ ಅಪಾಯವಿದೆ ಎಂದು ವೈದ್ಯರು ಹೇಳಿದ ಮೇಲೆ, ಹೆಂಡತಿ ಬರೆದುಕೊಟ್ಟರೆ ಅದೇ ದಿನ ಯಂತ್ರ ತೆಗೆಯಬೇಕು, ಕಂಪನಿಯದಾಗಲಿ ರೋಗಿಯದಾಗಲಿ ಅಪ್ಪಣೆಗೆ ಕಾಯಬಾರದು. ಓದಿ ಹೇಳಿದಾಗ ಅಣ್ಣ ನಕ್ಕ. "ಬರೆಸ್ಕೋ ಪ್ರಭಾ, ನಿನ್ನ ಸಮಾಧಾನಕ್ಕೆ ಏನು ಬೇಕೋ ಬರೆಸ್ಕೋ. ಸಹಿ ಹಾಕು ಸಾಕು." ಹಾಕಿದಳು. ಆ ಪುಟದ ಒಂದು ಪ್ರತಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಆಪರೇಷನ್ ಆರು ಗಂಟೆ ಹಿಡಿಯಿತು. ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಟ್ಟರು. ಒಂದು ತಿಂಗಳು ಏನೂ ಆಗಲಿಲ್ಲ. ಬಾಣ ಪರದೆಯ ಮೂಲೆಗೆ ಓಡಿಹೋಗಿ ಅಲ್ಲೇ ಕೂರುತ್ತಿತ್ತು. ಅಣ್ಣ ಬೆವರುತ್ತಿದ್ದ, ಬೈಯುತ್ತಿದ್ದ, ಮತ್ತೆ ಹಿಡಿಯುತ್ತಿದ್ದ. ಎರಡನೆಯ ತಿಂಗಳಲ್ಲಿ ಒಂದು ಗೆರೆ ಬಂತು. ಮೂರನೆಯದರಲ್ಲಿ ಅವನು ಆರು ಮೂಲೆಯ ಒಂದು ನಟ್ಟು ಬರೆದ. ನಾಲ್ಕು ಮೂಲೆ ಸರಿಯಾಗಿದ್ದವು, ಎರಡು ಸೊಟ್ಟ. ಅದರ ಪ್ರಿಂಟ್ ತೆಗೆಸಿ ಅತ್ತಿಗೆಗೆ ಕೊಡಿಸಿದ. "ಹೇಳು, ಪಾಸೋ ರಿಜೆಕ್ಟೋ?" ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಪಾಸು" ಅಂದವಳೇ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಷ್ಟು ಸಂತೋಷವನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ.

ನಾಲ್ಕನೆಯ ತಿಂಗಳು ಜ್ವರ ಬಂತು. ಸಾಕೆಟ್ಟಿನ ಸುತ್ತ ಚರ್ಮ ಕೆಂಪಾಗಿತ್ತು. ಅಣ್ಣ ಏನಿಲ್ಲ ಏನಿಲ್ಲ ಅನ್ನುತ್ತಲೇ ಇದ್ದ. ಅತ್ತಿಗೆ ಕೆಲಸಕ್ಕೆ ರಜೆ ಹಾಕಿ ಅವನನ್ನು ಆಸ್ಪತ್ರೆಗೆ ಸೇರಿಸಿದಳು. ಮೂರು ದಿನದ ಔಷಧಿಗೂ ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಡಾಕ್ಟರ್ ಸಭರ್ವಾಲ್ ನಮ್ಮನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು ಹೇಳಿದರು: ಕೀವು ಒಳಗೆ ಇಳಿಯುತ್ತಿರುವಂತಿದೆ, ಜೀವಕ್ಕೆ ಅಪಾಯವಿದೆ. ಇನ್ನೊಂದು ಔಷಧಿ ಬದಲಿಸಿ ಎರಡು ದಿನ ಕಾಯಬಹುದು. ವಾಸಿಯಾದರೆ ಯಂತ್ರ ಉಳಿಯುತ್ತದೆ. ಆಗದೆ ಮಿದುಳಿಗೆ ಹರಡಿದರೆ, ಮುಂದಿನದು ನಮ್ಮ ಕೈಯಲ್ಲಿಲ್ಲ. ತೆಗೆಯುವುದಾದರೆ ಇವತ್ತೇ.

"ಕಾಯೋಣ" ಅಂದ ಅಣ್ಣ.

ಅತ್ತಿಗೆ ಬಗ್ಗಿ ಸಾಕೆಟ್ಟಿನ ಸುತ್ತಲಿನ ಕೆಂಪನ್ನು ನೋಡಿದಳು.

"ಪ್ರಭಾ, ಕಾಯೋಣ. ಎರಡೇ ದಿನ." ಅವಳ ಮುಖ ನೋಡಿ ಅವನಿಗೆ ಅರ್ಥವಾಗಿಹೋಯಿತು. "ಬೇಡ. ಆ ಪುಟಕ್ಕೆ ಕೈ ಹಾಕಬೇಡ. ಅದು ನನ್ನ ಕೈ ಕಣೇ. ಗಂಡನ ಕೈ ಕತ್ತರಿಸ್ತೀಯಾ ನೀನು?"

ಯಂತ್ರ ಹಾಕಿಸು ಎಂದು ಕಾಡಿದ ನಾನೇ ಈಗ ಅವಳ ಸೆರಗು ಹಿಡಿದುಕೊಂಡು, ತೆಗೆಸಿಬಿಡು ಅತ್ತಿಗೆ, ತೆಗೆಸಿಬಿಡು ಅನ್ನುತ್ತಿದ್ದೆ. ಅವಳು ಸೆರಗು ಬಿಡಿಸಿಕೊಂಡಳು. ಅಣ್ಣನ ಹಣೆಯ ಮೇಲೆ ಕೈಯಿಟ್ಟಳು.

"ರೀ, ಎರಡು ದಿನ ಕಾದು ನೀವು ಉಳಿಯದಿದ್ದರೆ?"

"ಉಳಿಯದಿದ್ದರೆ ಬೇಡ. ಫ್ಯಾನ್ ನೋಡ್ಕೊಂಡು ಬಿದ್ದಿರೋದಕ್ಕಿಂತ ವಾಸಿ."

ಅವಳು ಡಾಕ್ಟರ ಕಡೆ ತಿರುಗಿ ಕಾಗದ ಕೇಳಿದಳು. ನಿಂತುಕೊಂಡೇ, ಗೋಡೆಗೆ ಒತ್ತಿ ಹಿಡಿದು, ಎರಡು ಸಾಲು ಬರೆದು ಸಹಿ ಹಾಕಿದಳು. ಸ್ಟ್ರೆಚರು ಲಿಫ್ಟಿನೊಳಗೆ ಹೋಗುವವರೆಗೂ ಅಣ್ಣ ಕೂಗುತ್ತಿದ್ದ. ಹೆಂಡತಿಗೆ ಗಂಡ ಅನ್ನಬಾರದ್ದನ್ನೆಲ್ಲ ಅಂದ. ಕಾರಿಡಾರಿನಲ್ಲಿದ್ದವರಿಗೆ ಕನ್ನಡ ಬಾರದಿದ್ದರೂ ಎಲ್ಲರೂ ತಿರುಗಿ ಅವಳನ್ನೇ ನೋಡಿದರು.

ಅಣ್ಣ ಉಳಿದ. ಕೀವು ಮಿದುಳಿನ ಹೊದಿಕೆಯವರೆಗೆ ಹೋಗಿತ್ತಂತೆ. ಬದಲಿಸಿದ ಔಷಧಿಯಲ್ಲೇ ವಾಸಿಯಾಗುತ್ತಿತ್ತೋ ಏನೋ, ಹೇಳಲಾಗದು ಎಂದರು ಡಾಕ್ಟರು. ಅತ್ತಿಗೆಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಮತ್ತೆ ಯಂತ್ರ ಹಾಕುವಂತಿಲ್ಲ, ಆ ಜಾಗ ಕೆಟ್ಟಿತು ಅಂತಲೂ ಅಂದರು.

ಮನೆಗೆ ಬಂದ ಮೇಲೆ ಅಣ್ಣ ಅವಳೊಂದಿಗೆ ಮಾತು ನಿಲ್ಲಿಸಿದ. ನನ್ನೊಂದಿಗೆ ಮಾತು, ಅಟೆಂಡೆಂಟ್ ಭಯ್ಯಾನೊಂದಿಗೆ ಹಿಂದಿಯಲ್ಲಿ ತಮಾಷೆ, ಅವಳು ಒಳಗೆ ಬಂದರೆ ಕಣ್ಣು ಮುಚ್ಚಿಕೊಳ್ಳುವುದು. ಅವಳು ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಬೆನ್ನು ನೋಡಿದಳು, ತುತ್ತು ತಿನ್ನಿಸಿದಳು. ಒಂದೂವರೆ ತಿಂಗಳು ಹೀಗೇ ನಡೆಯಿತು. "ನೀನೇ ಏನಾದರೂ ಹೇಳಬಾರದಾ?" ಅಂದೆ ನಾನು. "ಸಿಟ್ಟು ಮಾಡ್ಕೊಳ್ಳಲಿ ಬಿಡು" ಅಂದಳು.

ಒಂದು ಮಧ್ಯಾಹ್ನ ಅವಳು ಸಾರನ್ನ ಕಲಸಿಕೊಂಡು ಅವನ ಪಕ್ಕ ಕೂತಿದ್ದಳು. ನಾನು ಬಾಗಿಲಲ್ಲಿದ್ದೆ. ಅಣ್ಣ ಕಣ್ಣು ತೆರೆದು ನೇರವಾಗಿ ಅವಳನ್ನು ನೋಡಿದ.

"ನಾನು ಬೇಡ ಅಂದ್ರೂ ಸಹಿ ಹಾಕಿದೆ."

"ಹೂಂ."

"ಇನ್ನೊಂದು ಸಲ ಹಾಗೆ ಮಾಡಬೇಡ."

"ಮಾಡ್ತೀನಿ."

ತುತ್ತು ಹಿಡಿದ ಅವಳ ಕೈ ಅಲ್ಲೇ ನಿಂತಿತ್ತು. ಅಣ್ಣ ಆ ತುತ್ತಿನ ಕಡೆ ನೋಡಿದ.

"ಅನ್ನ ಆರಿಹೋಗ್ತಿದೆ, ಕೊಡು" ಅಂದ.