ಚನ್ನಬಸಪ್ಪ ಕಾಕಾ ಬೀಜದ ಚೀಟಿ ಅಚ್ಚು ಹಾಕಿದ ದಿನ

2003ರಲ್ಲಿ ನಾನು ರಾಣೆಬೆನ್ನೂರಿನ ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೋಧಕಿಯಾಗಿದ್ದೆ. ಬ್ಯಾಡಗಿಯಿಂದ ದಿನಾ ಬೆಳಿಗ್ಗೆ ರೈಲಿಗೆ ಬಂದು, ಸ್ಟೇಷನ್ನಿನಿಂದ ನಡೆದು, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿ ಹತ್ತಿದರೆ ನಮ್ಮ ಕ್ಲಾಸು. ಆರು ಕಂಪ್ಯೂಟರ್ ಇದ್ದವು. ಪ್ರಿಂಟರ್ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತಾರೆ. ನನ್ನದು ಅದರ ತಿರುವುಮುರುವು. ವಿದ್ಯಾರ್ಥಿ ಎಲ್ಲಾದರೂ ತಡವರಿಸಿದರೆ "ಏಳು, ಈ ಕಡೆ ಸರಿ" ಎಂದು ಕುರ್ಚಿ ಬಿಡಿಸಿ, ಪಟಪಟನೆ ನಾನೇ ಸರಿಮಾಡಿ, "ತಿಳೀತಿಲ್ಲೋ?" ಎನ್ನುತ್ತಿದ್ದೆ. ಎಲ್ಲರೂ ತಿಳೀತು ಎನ್ನುತ್ತಿದ್ದರು. ಇಲ್ಲ ಅನ್ನಲು ಯಾರಿಗಿತ್ತು ಧೈರ್ಯ!

ಆ ವರ್ಷ ಬೇಸಿಗೆಯ ಬ್ಯಾಚಿಗೆ ಚನ್ನಬಸಪ್ಪ ಎಂಬವರು ಸೇರಿದರು. ಹತ್ತಿರದ ಐರಣಿಯವರು, ವಯಸ್ಸು ಐವತ್ತೆರಡು. ರಾಣೆಬೆನ್ನೂರಿನ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದವರು, ಅಂದರೆ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವವರು. ಪ್ರೆಸ್ಸಿಗೆ ಆಫ್‌ಸೆಟ್ ಯಂತ್ರ ಬಂತು, ಮೊಳೆಗಳು ಗುಜರಿಗೆ ಹೋದವು, ಇವರು ಮನೆಗೆ ಬಂದರು. ನಮ್ಮ ಕೇಂದ್ರದ ಮಾಲೀಕರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರಿ?" ಎಂದು ನನ್ನ ಕಿವಿಯಲ್ಲಿ ಅಂದರೂ ಪ್ರವೇಶ ಕೊಟ್ಟರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಅವರ ಮಗಳ ವಯಸ್ಸಿನವಳಾದ ನನ್ನನ್ನೂ ಅವರು ಹಾಗೇ ಕರೆದರೆ, ಪಿಯುಸಿ ಮುಗಿಸಿ ಬಂದ ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡು ನಗುತ್ತಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ.

ಕಾಕಾ ಬಂದದ್ದು ಹವ್ಯಾಸಕ್ಕಲ್ಲ. ರಾಣೆಬೆನ್ನೂರಿನದೇ ಒಂದು ಬೀಜದ ಕಂಪನಿ ತನ್ನ ಚೀಲಗಳಿಗೆ ಕಟ್ಟುವ ಚೀಟಿಗಳು ವರ್ಷಗಟ್ಟಲೆ ಅವರ ಕೈಯಲ್ಲೇ ಅಚ್ಚಾಗಿದ್ದವು. ಈಗ ಕಂಪನಿ ಆ ಚೀಟಿಗಳನ್ನು ತನ್ನದೇ ಕಂಪ್ಯೂಟರಿನಲ್ಲಿ ಮುದ್ರಿಸಲು ಹೊರಟಿತ್ತು. ಮ್ಯಾನೇಜರ್ ಕುಲಕರ್ಣಿಯವರು ಹಳೇ ಪರಿಚಯಕ್ಕೆ ಕಟ್ಟುಬಿದ್ದು, "ಕಲ್ತು ಬರ್ರಿ, ಒಂದ್ಸಲ ಮಾಡಿ ತೋರಸ್ರಿ. ಆದ್ರ ನೌಕರಿ ನಿಮ್ಮದು, ಇಲ್ಲಂದ್ರ ಹುಬ್ಬಳ್ಳಿಯವರಿಗೆ ಕೊಡ್ತೀನಿ" ಎಂದಿದ್ದರು. ಕಾಕಾನ ಮಗಳು ಹಾವೇರಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದಳು. ಇನ್ನೊಂದು ವರ್ಷ ಬಾಕಿ. ಅಪ್ಪನಿಗೆ ಕೆಲಸವಾಗದಿದ್ದರೆ ಅವಳನ್ನು ಬಿಡಿಸಿ ಕರೆತರುವುದೆಂದು ಮನೆಯಲ್ಲಿ ಮಾತಾಗಿತ್ತು.

ಇಲ್ಲಿ ಪಾಠದ ವಿಷಯವನ್ನು ಸ್ವಲ್ಪ ಹೇಳಬೇಕು. ಪ್ರೋಗ್ರಾಮಿಂಗ್‌ನಲ್ಲಿ ಅಕ್ಷರಗಳ ಸರಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅದನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ನಾವು ಕಲಿಸುತ್ತಿದ್ದ ವಿಷುಯಲ್ ಬೇಸಿಕ್‌ನಲ್ಲಿ & ಎಂಬ ಚಿಹ್ನೆ ಒಂದು ಸ್ಟ್ರಿಂಗಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಅಂಟಿಸುತ್ತದೆ. ಸಾಲು ಉದ್ದವಾದರೆ ಕೊನೆಯಲ್ಲಿ ಒಂದು ಅಡಿಗೆರೆ ಹಾಕಿ ಮುಂದಿನ ಸಾಲಿನಲ್ಲಿ ಬರೆಯಬಹುದು. ಆದರೆ ಈ ಸಾಲುಗಳೆಲ್ಲ ನಮ್ಮ ಕಣ್ಣಿಗಷ್ಟೇ. ಸೀರೆಯನ್ನು ಎಷ್ಟು ಮಡಿಕೆ ಮಾಡಿಟ್ಟರೂ ಬಿಚ್ಚಿದರೆ ಒಂದೇ ಅರಿವೆ ತಾನೇ? ಕಂಪ್ಯೂಟರಿಗೂ ಅದು ಒಂದೇ ಉದ್ದದ ಸಾಲು. ಕಾಗದದ ಮೇಲೆ ಸಾಲು ಮುರಿಯಬೇಕಾದರೆ ನಡುನಡುವೆ vbCrLf ಎಂಬ ಆಜ್ಞೆಯನ್ನು ಬೇರೆಯಾಗಿ ಸೇರಿಸಬೇಕು. ಎಡಕ್ಕೆ ಮರಳು, ಒಂದು ಸಾಲು ಕೆಳಗಿಳಿ ಎಂದು ಅದರ ಅರ್ಥ.

ಈ vbCrLf ಪಾಠಕ್ಕೆ ನಾವಿನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಮುಂಗಾರು ಹತ್ತಿರವಾಗಿ ಕಂಪನಿಯಿಂದ ಕರೆ ಬಂತು. ಕಾಕಾ ಚೀಟಿಯ ಪ್ರೋಗ್ರಾಮನ್ನು ತಾವೇ ಬರೆದು ಫ್ಲಾಪಿಗೆ ಹಾಕಿಕೊಂಡಿದ್ದರು. "ಜೋಡಿ ಬರ್ರಿ ಅಕ್ಕೋರ, ನನಗ ಅಂಜಿಕಿ ಬರಾಕತ್ತೈತಿ" ಎಂದರು. ಇಬ್ಬರೂ ಆಟೋದಲ್ಲಿ ಹೋದೆವು.

ಕಂಪನಿಯ ಗೋದಾಮಿನಲ್ಲಿದ್ದ ಕಂಪ್ಯೂಟರಿನ ಪರದೆಯ ಮೇಲೆ ಚೀಟಿ ಅಚ್ಚುಕಟ್ಟಾಗಿ ಮೂಡಿತು. ತಳಿ, ಲಾಟ್ ನಂಬರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ, ಕೊನೆಗೆ ವಿಷ ಲೇಪಿಸಿದೆ, ತಿನ್ನಬಾರದು ಎಂಬ ಎಚ್ಚರಿಕೆ. ಎಲ್ಲ ಇಂಗ್ಲಿಷಿನಲ್ಲಿ, ಒಂದರ ಕೆಳಗೊಂದು. ನನಗೂ ಹೆಮ್ಮೆಯಾಯಿತು. ಕಾಕಾ ಪ್ರಿಂಟ್ ಒತ್ತಿದರು. ಪ್ರಿಂಟರ್ ಒಂದೇ ಸಾಲು ಹೊಡೆದು ಸುಮ್ಮನಾಯಿತು. ತಳಿಯ ಹೆಸರಿದೆ, ಲಾಟ್ ನಂಬರು ಅರ್ಧ ಇದೆ, ಉಳಿದದ್ದೆಲ್ಲ ಕಾಗದದ ಅಂಚಿನಾಚೆ ಮಾಯ.

ಕುಲಕರ್ಣಿಯವರು ಚೀಟಿ ಹಿಡಿದು ನೋಡಿದರು. "ವಿಷದ ಸಾಲು ಎಲ್ಲಿ ಹೋತ್ರಿ ಇದು? ಹಿಂಗ ಕಳಿಸಿದ್ರ, ಬಿತ್ತಿ ಮಿಕ್ಕಿದ ಬೀಜ ಯಾರರ ದನಕ್ಕ ಹಾಕಿದ್ರ ಏನ್ ಗತಿ?"

ನಾನು ಕೋಡ್ ತೆರೆಸಿದೆ. ಎಲ್ಲೂ vbCrLf ಇಲ್ಲ. ಬದಲಿಗೆ ಪ್ರತಿ ಸಾಲಿನ ಕೊನೆಯಲ್ಲಿ ಉದ್ದೋ ಉದ್ದ ಖಾಲಿ ಜಾಗ. "ಇದೇನ್ ಕಾಕಾ ಇದು?" ಎಂದೆ, ಸ್ವಲ್ಪ ಜೋರಾಗಿಯೇ.

"ಖಾಲಿ ಮೊಳೆ ತುಂಬೇನ್ರಿ ಅಕ್ಕೋರ. ತುಂಬಲಿಲ್ಲಂದ್ರ ಸಾಲು ಸಡ್ಲ ಆಗ್ತೈತಲ್ರಿ?"

ಅರ್ಥವಾಯಿತು. ಪ್ರೆಸ್ಸಿನಲ್ಲಿ ಅಕ್ಷರ ಮುಗಿದ ಮೇಲೂ ಸಾಲಿನ ಕೊನೆಯವರೆಗೆ ಖಾಲಿ ಮೊಳೆ ತುಂಬಿ ಬಿಗಿ ಮಾಡುತ್ತಿದ್ದರು. ಇಲ್ಲೂ ಅದನ್ನೇ ಮಾಡಿದ್ದಾರೆ. ಪರದೆಯ ಪೆಟ್ಟಿಗೆ ಚಿಕ್ಕದು. ಅಂಚು ಮುಟ್ಟಿದ ಪದ ತಾನೇ ಕೆಳಗಿಳಿಯುತ್ತದೆ. ಹಾಗಾಗಿ ಸಾಲುಗಳು ಮುರಿದಂತೆ ಕಂಡವು. ಪ್ರಿಂಟರಿಗೆ ಅಂಥ ದಾಕ್ಷಿಣ್ಯ ಇರಲಿಲ್ಲ.

"ಅಕ್ಕೋರ, ನೀವ ಕುಂದ್ರಿ, ಲಗೂ ಮಾಡಿಬಿಡ್ರಿ. ಬೀಜದ ಲಾರಿ ನಿಂತೈತಿ" ಎಂದರು ಕುಲಕರ್ಣಿಯವರು. ಆಮೇಲೆ ದನಿ ತಗ್ಗಿಸಿ, "ಖರೇ ಅಂದ್ರ ನಿಮ್ಮನ್ನ ತಗೊಳ್ಳೋದ ಚಲೋ ಅನಸ್ತೈತಿ. ಪಾಪ, ಅವರಿಗೆ ವಯಸ್ಸಾತು."

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನ್ನ ಮನಸ್ಸು ಅಲ್ಲಾಡಿತು. ನಮ್ಮ ಕೇಂದ್ರದ ಸಂಬಳಕ್ಕಿಂತ ಅಲ್ಲಿಯದು ಹೆಚ್ಚು. ಅಷ್ಟರಲ್ಲಿ ಕಾಕಾ ಕುರ್ಚಿ ಬಿಟ್ಟು ಏಳತೊಡಗಿದರು. ಯಾರೂ ಏಳಿ ಅಂದಿರಲಿಲ್ಲ. ಕ್ಲಾಸಿನಲ್ಲಿ ನಾನೇ ಮಾಡಿಸಿದ ರೂಢಿ ಅದು.

"ಕುಂದ್ರಿ ಕಾಕಾ" ಎಂದೆ. ಕುಲಕರ್ಣಿಯವರ ಕಡೆ ತಿರುಗಿ, "ನಾ ಮಾಡಿಕೊಟ್ರ ಇವತ್ತಿನ ಚೀಟಿ ಬರ್ತಾವ್ರಿ. ನಾಳೆಯಿಂದ ಈ ಕುರ್ಚಿ ಮ್ಯಾಲ ಕುಂದ್ರೋರು ಅವರು. ಅವರ ಮಾಡಲಿ" ಎಂದೆ. ಅವರೂ ದೊಡ್ಡ ಮನಸ್ಸಿನವರು. ಒಂದು ಕ್ಷಣ ನನ್ನನ್ನೇ ನೋಡಿ, "ಆತು, ನಾ ಡ್ರೈವರ್‌ಗೆ ಚಾ ಕುಡಿಸಿ ಬರ್ತೀನಿ" ಎಂದು ಹೊರಗೆ ಹೋದರು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. "ಕಾಕಾ, ಪ್ರೆಸ್‌ನಾಗ ಒಂದು ಸಾಲು ಮುಗಿದ ಮ್ಯಾಲ ಏನ್ ಹಾಕ್ತಿದ್ರಿ?"

"ಲೆಡ್ ಹಾಕ್ತಿದ್ದೆ. ಸೀಸದ ತೆಳ್ಳನ ಪಟ್ಟಿ. ಆಮ್ಯಾಲ ಮುಂದಿನ ಸಾಲು."

"ಇಲ್ಲಿ ಆ ಲೆಡ್ ಹಾಕೇ ಇಲ್ಲ ನೀವು. ಅದಕ್ಕ ಇಲ್ಲಿ vbCrLf ಅಂತಾರ." ಅಷ್ಟೇ ಹೇಳಿದೆ.

ಅವರು ಖಾಲಿ ಜಾಗಗಳನ್ನು ಒಂದೊಂದಾಗಿ ಅಳಿಸಿ, ಅಲ್ಲಿ vbCrLf ಎಂದು ಬರೆದರು. ಅಯ್ಯೋ ದೇವರೇ, ಏನು ನಿಧಾನ! ಎರಡೇ ಬೆರಳು, ಪ್ರತಿ ಅಕ್ಷರಕ್ಕೂ ಹುಡುಕಾಟ. ಮತ್ತೆ ಪ್ರಿಂಟ್ ಒತ್ತಿದರು. ಈ ಸಲವೂ ಒಂದೇ ಸಾಲು, ಸಾಲದ್ದಕ್ಕೆ ತಳಿಯ ಹೆಸರಿನ ಪಕ್ಕದಲ್ಲೇ vbCrLf ಎಂದೂ ಅಚ್ಚಾಗಿತ್ತು. ಅದೇ ಹೊತ್ತಿಗೆ ಒಳಗೆ ಬಂದ ಕುಲಕರ್ಣಿಯವರು ಚೀಟಿ ಎತ್ತಿ, "ಇದ್ಯಾವ ಹೊಸ ತಳಿ ಬಿಟ್ರಿ ಕಾಕಾ?" ಎಂದರು. ನಾನು ತುಟಿ ಕಚ್ಚಿಕೊಂಡೆ. ತಪ್ಪು ನನಗೆ ಕಾಣುತ್ತಿತ್ತು, ಬಾಯಿಗೂ ಬಂದಿತ್ತು. ಆದರೂ ಸುಮ್ಮನೇ ನಿಂತೆ.

ಕಾಕಾ ನಗಲಿಲ್ಲ. ಚೀಟಿಯನ್ನು ಹತ್ತಿರ ಹಿಡಿದು, ಪರದೆಯನ್ನು ನೋಡಿ, ಮತ್ತೆ ಚೀಟಿ ನೋಡಿದರು. ಆಮೇಲೆ ತಮಗೆ ತಾವೇ ಎಂಬಂತೆ, "ಲೆಡ್ಡಿಗೆ ಎಲ್ಲಿ ಮಸಿ ಹತ್ತತೈತಿ? ಅದು ಮೊಳೆಗಿಂತ ತಗ್ಗಿನಾಗ ಇರ್ತೈತಿ. ಅಚ್ಚಾಗಬಾರದು. ಇದನ್ನ ನಾ ಅಕ್ಷರದ ಜೋಡಿ ಇಟ್ಟೇನಿ, ಹೊರಗ ಇಡಬೇಕು" ಎಂದರು.

ಅದೇ ಸರಿ. ಉದ್ಧರಣ ಚಿಹ್ನೆಯ ಒಳಗಿದ್ದದ್ದೆಲ್ಲ ಅಚ್ಚಾಗುತ್ತದೆ, ಆಜ್ಞೆ ಹೊರಗಿರಬೇಕು. ನಾನು ಅಷ್ಟು ಚೆಂದವಾಗಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಪ್ರಿಂಟಿಗೆ ಐದು ಸಾಲು ಒಂದರ ಕೆಳಗೊಂದು ಬಂದವು. ಕುಲಕರ್ಣಿಯವರು ಉದ್ದ ಹೆಸರಿನ ಇನ್ನೊಂದು ತಳಿ ಹಾಕಿಸಿದರು. ವಿಷದ ಸಾಲು ತನ್ನ ಜಾಗ ಬಿಟ್ಟು ಕದಲಲಿಲ್ಲ. "ಸೋಮವಾರದಿಂದ ಬರ್ರಿ ಕಾಕಾ" ಎಂದರು.

ಮಗಳು ತರಬೇತಿ ಮುಗಿಸಿ ಶಿಕ್ಷಕಿಯಾದಳು. ಕಾಕಾ ಕೈಲಾಗುವವರೆಗೂ ಅಲ್ಲೇ ದುಡಿದರು. ನಾನು ಮುಂದೆ ಹಾವೇರಿಯ ಕಾಲೇಜೊಂದಕ್ಕೆ ಹೋಗಿ, ಕಲಿಸುತ್ತಲೇ ತಲೆ ಬೆಳ್ಳಗಾಯಿತು. ಅಂದಿನಿಂದ ಯಾವ ವಿದ್ಯಾರ್ಥಿಯನ್ನೂ ಕುರ್ಚಿಯಿಂದ ಎಬ್ಬಿಸಿಲ್ಲ. ಸಿಟ್ಟು ಬರುವುದು ನಿಂತಿಲ್ಲ ಬಿಡಿ, ಆದರೆ ಕಲಿಯುವವರ ಕೀಬೋರ್ಡು ಮುಟ್ಟುವುದಿಲ್ಲ. ಕಲಿಸುವವಳ ಕೆಲಸದಲ್ಲಿ ಅರ್ಧದಷ್ಟು ಸುಮ್ಮನೇ ನಿಲ್ಲುವುದೇ ಎಂದು ನನಗೆ ತಿಳಿದದ್ದು ಆ ಗೋದಾಮಿನಲ್ಲಿ.

ಆ ದಿನ ಹೊರಗೆ ಆಟೋಕ್ಕೆ ಕಾಯುವಾಗ ಕಾಕಾ ಕಣ್ಣೊರೆಸಿಕೊಂಡು, "ಅಕ್ಕೋರ, ನಿಮ್ಮ ಕೈ ಎಷ್ಟ ಚಡಪಡಿಸಾಕತ್ತಿದ್ದು ಅಂತ ನನಗ ಗೊತ್ತೈತ್ರಿ. ಆದ್ರೂ ಮುಟ್ಟಲಿಲ್ಲ. ಭಾಳ ದೊಡ್ಡ ಉಪಕಾರ ಮಾಡಿದ್ರಿ" ಎಂದರು. ಅಷ್ಟರಲ್ಲಿ ಆಟೋ ಬಂತು, ಇಬ್ಬರೂ ಹತ್ತಿದೆವು. ಅಂದು ಹೇಳಬೇಕಿದ್ದದ್ದನ್ನು ಈಗ ಹೇಳುತ್ತೇನೆ: ಉಪಕಾರ ಮಾಡಿದವರು ನೀವು, ಕಾಕಾ.