ಊರಿಗೆಲ್ಲ ಕೇಳಿಸಿದ ಗಂಟೆ

ಈಗಿನ ಹುಡುಗರು ಇದನ್ನು ಸ್ಟಾರ್ಟಪ್ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ನಾವು ಅದನ್ನೇ ಮಾಡಿದಾಗ ಜನ ಬೇರೆ ಹೆಸರಿಟ್ಟರು, ಅದು ಬರೆಯುವಂಥದ್ದಲ್ಲ.

ನಾನು ಶಿಕಾರಿಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ನನ್ನ ಪಾಲುದಾರರು ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಆಗ ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿತ್ತು. ಯಾವಾಗ ಬರುತ್ತದೆಂಬುದು ಕೊಡುವವರಿಗೂ ತಿಳಿದಿರಲಿಲ್ಲ. ಮೂರೂ ಫೇಸು ಬಂದೊಡನೆ ಗದ್ದೆಯ ಪಂಪ್‌ಹೌಸಿನಿಂದ ಗಂಟೆ ಹೊಡೆದು, ಮನೆಯಲ್ಲಿರುವ ರೈತನನ್ನು ಕರೆಯುವ ಪೆಟ್ಟಿಗೆಯೊಂದನ್ನು ಮಾಡಬೇಕೆಂದು ನನಗೆ ಹೊಳೆಯಿತು. ಹೊಳೆದದ್ದು ಶಾಲೆಯಲ್ಲಿ, ಪೀರಿಯಡ್ಡಿನ ಗಂಟೆ ಹೊಡೆದಾಗ. ಆಪತ್ತು ಅಲ್ಲೇ ಇತ್ತು.

ಶಾಸ್ತ್ರೋಕ್ತವಾಗಿ ಜನಾಭಿಪ್ರಾಯ ಸಂಗ್ರಹಿಸಿದೆ. ತಾಳಗುಂದದ ಕಡೆ ಹೋಗಿ ವಿದ್ಯಾರ್ಥಿಗಳ ತಂದೆಯರನ್ನು ಒಬ್ಬೊಬ್ಬರಾಗಿ ಕೇಳಿದೆ. "ಚೊಲೋ ಐತಲ್ರೀ, ಮಾಡ್ರಿ" ಎಂದರು ಎಲ್ಲರೂ. ಮಗನ ಮೇಷ್ಟ್ರು ಮನೆಗೇ ಬಂದು, ಚಹಾ ಕುಡಿಯುತ್ತಾ ಕೇಳಿದರೆ ಇನ್ನೇನು ಹೇಳಿಯಾರು ಎಂಬ ಯೋಚನೆ ನನಗೆ ಬರಲಿಲ್ಲ.

ಸೊರಬದ ಬಸ್ಸು ಹತ್ತಿ ಪಾಲುದಾರರ ಅಂಗಡಿಗೆ ಹೋದೆ. "ಇರೋ ರೇಡಿಯೋ ಎಲ್ಲ ವಾಪಸ್ ಕೊಟ್ಬಿಡ್ರಿ. ಬೆಂಚು ಖಾಲಿ ಬೇಕು" ಎಂದೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಗಿರಾಕಿ ಒಂದ್ಸಲ ಬೇರೆ ಅಂಗಡಿ ಮೆಟ್ಲು ಹತ್ತಿದ್ರೆ ತಿರುಗಿ ಬರಲ್ಲ ಮೇಷ್ಟ್ರೇ."

"ಆ ಗಿರಾಕಿ ಇನ್ನು ಯಾರಿಗೆ ಬೇಕ್ರೀ?"

ಒಪ್ಪಿದರು. ಅಂಗಡಿ ಅವರದು, ಸಂಸಾರ ಅವರದು. ಧೈರ್ಯ ಮಾತ್ರ ನನ್ನದು.

ಹನ್ನೆರಡು ಪೆಟ್ಟಿಗೆಗಳು ಸಿದ್ಧವಾದವು. ಮೊದಲನೆಯದನ್ನು ತಾಳಗುಂದದ ಹತ್ತಿರದ ರೈತರೊಬ್ಬರು ಕೊಂಡರು. ಮಧ್ಯಾಹ್ನ ಗಂಟೆ ಹೊಡೆಯಿತು, ಅವರು ಓಡಿದರು, ನೀರು ಬಂತು. ನಾವಿಬ್ಬರೂ ಬದುವಿನ ಮೇಲೆ ನಿಂತು ಗಂಭೀರವಾಗಿ ಕೈ ಕುಲುಕಿದೆವು.

ಮರುವಾರ ಎರಡನೆಯ ಪೆಟ್ಟಿಗೆ ಹೊತ್ತು ಪಕ್ಕದ ಗದ್ದೆಯವರ ಬಳಿ ಹೋದೆವು. ಅವರು ಮೆಕ್ಕೆಜೋಳ ಹರವುತ್ತಿದ್ದರು. "ಇನ್ನೊಂದು ಯಾಕ್ರೀ? ಅದೇ ಕೇಳ್ತತಲ್ಲ. ಹೊಡೀತಿದ್ದಂಗೆ ನಾವೂ ಹೋಗಿ ಮೋಟ್ರು ಹಾಕ್ತೀವಿ. ಭಾಳ ಉಪಕಾರ ಮಾಡೀರಿ." ಊರಿಡೀ ಇದೇ ಉಪಕಾರ ಸ್ಮರಣೆ. ಪೆಟ್ಟಿಗೆ ಯಾರೂ ಕೊಳ್ಳಲಿಲ್ಲ.

ಗಂಟೆಯ ಮೊದಲ ಸದ್ದಿಗೇ ಇಡೀ ಬಯಲಿನ ಮೋಟಾರುಗಳು ಒಟ್ಟಿಗೆ ಶುರುವಾಗತೊಡಗಿದವು. ಮೂರನೆಯ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಹೊಸದು ಬರುವಷ್ಟರಲ್ಲಿ ಬೇಸಿಗೆ ಭತ್ತ ನೀರಿಲ್ಲದೆ ಒಣಗಿ ಕೆಂಪಾಗಿತ್ತು. ಪೆಟ್ಟಿಗೆ ಕೊಂಡಿದ್ದ ಆ ರೈತರು ಅದನ್ನು ಬಿಚ್ಚಿ ತಂದು ನನ್ನ ಕಾಲ ಬಳಿ ಇಟ್ಟರು.

"ಮೊದ್ಲು ಕರೆಂಟ್ ಬಂದಿದ್ದು ಯಾರಿಗೂ ತಿಳೀತಿರ್ಲಿಲ್ಲ. ಪಂಪ್‌ಹೌಸಲ್ಲೇ ಕಾದು ಕೂತು ನಾನೊಬ್ನೇ ಸುಮ್ನೆ ನೀರು ಹಾಯಿಸ್ಕಂತಿದ್ದೆ. ಈಗ ಊರಿಗೆಲ್ಲ ನಾನೇ ಡಂಗುರ ಹೊಡದಂಗಾತು. ತಗಂಡು ಹೋಗ್ರಿ ಮೇಷ್ಟ್ರೇ."

ಅವರಿಗೆ ಬೇಕಿದ್ದದ್ದು ತಮಗೊಬ್ಬರಿಗೇ ತಿಳಿಯುವುದು. ಗಂಟೆಯೆಂದರೆ ಎಲ್ಲರಿಗೂ ಕೇಳಿಸಬೇಕೆಂಬುದು ಮೇಷ್ಟ್ರ ಬುದ್ಧಿ. ಚಹಾ ಕುಡಿದ ಯಾವ ಮನೆಯಲ್ಲೂ ನಾನು ಅದನ್ನು ಕೇಳಿರಲಿಲ್ಲ.

ಸದ್ದು ಕಡಿಮೆ ಮಾಡೋಣ ಎಂದೆ. ಪಾಲುದಾರರು ಪೆಟ್ಟಿಗೆಯ ಮುಚ್ಚಳ ಹಾಕಿದರು. "ಸಣ್ಣ ಸದ್ದು ಕೇಳ್ಬೇಕಂದ್ರೆ ಅವ್ರು ಪಂಪ್‌ಹೌಸಲ್ಲೇ ಕೂತಿರ್ಬೇಕು. ಅಲ್ಲೇ ಕೂತೋರಿಗೆ ಗಂಟೆ ಎಂತಕ್ಕೆ? ಫೇಸಿಗೊಂದು ಅಂತ ಮೂರು ಬಲ್ಬು ಸಾಕಲ."

ಬೆಂಚು ಮತ್ತೆ ರೇಡಿಯೋಗಳಿಗೆ ಖಾಲಿಯಾಯಿತು. ರೇಡಿಯೋಗಳು ಬರಲಿಲ್ಲ. ಅವರು ಬೆಳಿಗ್ಗೆ ಬಾಗಿಲು ತೆಗೆದು, ಬೆಂಚು ಒರೆಸಿ, ಸಂಜೆ ಬಾಗಿಲು ಹಾಕುತ್ತಿದ್ದರು. ಹೀಗೆ ಐದಾರು ತಿಂಗಳು.

ಅಂಗಡಿ ಬಿಟ್ಟುಕೊಟ್ಟ ದಿನ ಹೋಗಿದ್ದೆ. ಅಲ್ಲಿಗೆ ಬರಲಿದ್ದ ಎಸ್‌ಟಿಡಿ ಬೂತಿನವರ ಗಾಜು ಆಗಲೇ ಗೋಡೆಗೆ ಒರಗಿತ್ತು. ಬೆಂಚನ್ನು ಇಬ್ಬರೂ ಹಿಡಿದು ಹೊರಗಿಟ್ಟೆವು.

"ರೇಡಿಯೋ ಕೆಟ್ರೆ ಜನ ತಾವೇ ಹೊತ್ಕಂಡು ಬರ್ತಿದ್ರು" ಎಂದರು. "ಇದನ್ನ ನಾವು ಹೊತ್ಕಂಡು ತಿರುಗ್ಬೇಕಾತು. ಅವತ್ತೇ ಗೊತ್ತಾಗ್ಬೇಕಿತ್ತು ನಂಗೆ."

ಬಸ್ಸು ಹತ್ತಿಸಲು ಬಂದವರು, ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ನಿಮ್ಮನೆ ರೇಡಿಯೋ ಹೇಗಿದೆ ಮೇಷ್ಟ್ರೇ? ಒಂದ್ಸಲ ಕರಕರ ಅಂತಿತ್ತಲ."

"ಸರಿ ಇದೆ" ಎಂದೆ.

ಸರಿ ಇತ್ತು. ಅದು ಕೆಟ್ಟಾಗ ಅವರ ಬೆಂಚಿನ ಮೇಲೆ ನಮ್ಮ ಪೆಟ್ಟಿಗೆಗಳಿದ್ದವು. ಶಿಕಾರಿಪುರದಲ್ಲೇ ಬೇರೆಯವರಿಗೆ ರಿಪೇರಿಗೆ ಕೊಟ್ಟಿದ್ದೆ. ಚೆನ್ನಾಗಿ ಮಾಡಿಕೊಟ್ಟಿದ್ದರು, ಆಮೇಲೂ ಅಲ್ಲಿಗೇ ಹೋದೆ.