ಹರಿಹರದ ಕ್ಯಾಸೆಟ್ಟಿನ ಬಗ್ಗೆ ಉಂಟಾದ ಸಂಶಯ

ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಕಚೇರಿಯ ಪತ್ರಗಳನ್ನು ಹೊರತುಪಡಿಸಿ ನಾನು ಈವರೆಗೆ ಬೇರೇನನ್ನೂ ಬರೆದವನಲ್ಲ. ಲೋಪಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ಮೊದಲೇ ಕೋರುತ್ತೇನೆ. ವಿಷಯವು ಎಂಬತ್ತರ ದಶಕದ ಆರಂಭದ್ದು.

ದಾವಣಗೆರೆಯ ಸರಸ್ವತಿ ನಗರದಲ್ಲಿ, ಹತ್ತಿ ಗಿರಣಿಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರ ಮನೆಯಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಸೇರುತ್ತಿದ್ದೆವು. ಅವರನ್ನು ಎಲ್ಲರೂ ಯಜಮಾನರೆಂದೇ ಕರೆಯುತ್ತಿದ್ದುದು. ನಮ್ಮನ್ನು ಒಂದುಗೂಡಿಸಿದ್ದು ಒಬ್ಬ ಗಾಯಕಿಯ ಕಂಠ. ನಾಟಕ ಕಂಪನಿಯಲ್ಲಿ ಹಾಡಿ, ಅನಂತರ ಗ್ರಾಮಫೋನ್ ಪ್ಲೇಟುಗಳ ಮೂಲಕ ಮನೆಮಾತಾಗಿ, ನಾವು ಪ್ರಾಯಕ್ಕೆ ಬರುವಷ್ಟರಲ್ಲಿ ಹಾಡುವುದನ್ನೇ ನಿಲ್ಲಿಸಿದ್ದ ಆಕೆಯ ಒಂದೇ ಒಂದು ಪ್ಲೇಟು ಯಜಮಾನರಲ್ಲಿತ್ತು. ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನಿನಿಂದ ಏಳುತ್ತಿದ್ದ ಆ ದನಿ ಭಾರವಾದುದು, ಅವಸರವೇ ಇಲ್ಲದುದು. ಅದರ ಮುಂದೆ ರೇಡಿಯೋದ ಇತರರೆಲ್ಲ ಬಸ್ಸು ತಪ್ಪೀತೆಂದು ಹೆದರಿ ಹಾಡುತ್ತಿರುವಂತೆ ತೋರುತ್ತಿತ್ತು. ಹೊಸಬರ ಹಾಡನ್ನು ನಾವು ಅನುಮಾನವಿಲ್ಲದೆ ಕೇಳಿದ್ದೇ ಇಲ್ಲ.

ಸದರಿ ಪ್ಲೇಟು ಸವೆಯುತ್ತಾ ಬಂದಿತ್ತು. ಆದಕಾರಣ, ಕಚೇರಿ ಕೆಲಸದ ಮೇಲೆ ಹರಿಹರಕ್ಕೆ ಹೋದಾಗ, ಬಸ್ ನಿಲ್ದಾಣದ ಬಳಿ ಕ್ಯಾಸೆಟ್ ಅಂಗಡಿ ನಡೆಸುತ್ತಿದ್ದ ಸಾಹೇಬರೊಬ್ಬರಲ್ಲಿ ವಿಚಾರಿಸಿದೆ. ಅವರ ಕಣ್ಣು ಅರಳಿತು. "ನೀವೂ ಅವರ ಕಡೆಯವರೇನ್ರಿ?" ಎಂದರು. ಅದೇ ಹಾಡಿನ ಪ್ಲೇಟು ಅವರಲ್ಲೂ ಇತ್ತು. ಅದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟು, ತಮ್ಮನ್ನೂ ಭಾನುವಾರದ ಕೂಟಕ್ಕೆ ಸೇರಿಸಿಕೊಳ್ಳುವಂತೆ ಯಜಮಾನರಲ್ಲಿ ಕೇಳಬೇಕೆಂದು ಕೋರಿದರು. "ಇಲ್ಲಿ ಇವರ ಹೆಸರು ಹೇಳಿದ್ರೆ ಯಾರದು ಅಂತಾರ್ರಿ. ಒಬ್ಬನ ಕೂತು ಕೇಳಿ ಸಾಕಾಗೈತೆ."

ಅಂಗಡಿಯ ಗದ್ದಲದಲ್ಲಿ ಕ್ಯಾಸೆಟ್ಟಿನ ಹಾಡನ್ನು ನಾನು ಸರಿಯಾಗಿ ಕೇಳಿರಲಿಲ್ಲ. ಭಾನುವಾರ ಕ್ಯಾಸೆಟ್ ಹಾಕಿದೊಡನೆ ಯಜಮಾನರು ಕೈ ಎತ್ತಿದರು.

"ಬಂದ್ ಮಾಡು. ಇದು ಆಕೆ ಅಲ್ಲ. ಯಾವಳೋ ಹುಡುಗಿ ಹಾಡ್ಯಾಳೆ."

ನನಗೂ ಹಾಗೆಯೇ ಕೇಳಿಸಿತು. ದನಿ ತೆಳು, ನಡೆ ಚುರುಕು. ಕೂಟದಲ್ಲಿದ್ದ ಜವಳಿ ಅಂಗಡಿಯ ಗೆಳೆಯರೊಬ್ಬರು ನನ್ನನ್ನೇ ದಿಟ್ಟಿಸಿ, "ಆರ್ಕೆಸ್ಟ್ರಾದವಳನ್ನ ಕರೆಸಿ ಹಾಡಿಸ್ಯಾನೆ ನಿಮ್ಮ ಸಾಹೇಬ. ನಿಮಗೇನರ ಪಾಲು ಐತೋ ಹೆಂಗೆ?" ಎಂದರು. ಎಲ್ಲರೂ ನಕ್ಕರು. ಸಾಹೇಬರನ್ನು ಕೂಟಕ್ಕೆ ಸೇರಿಸುವ ಮಾತನ್ನು ನಾನು ಎತ್ತಲೇ ಇಲ್ಲ.

ಮರುವಾರ ಕ್ಯಾಸೆಟ್ ಹಿಂದಿರುಗಿಸಲು ಹೋಗಿ ನಡೆದುದನ್ನು ತಿಳಿಸಿದಾಗ ಸಾಹೇಬರ ಮುಖ ಕಪ್ಪಿಟ್ಟಿತು. "ನಕಲಿ ಮಾಲು ಮಾರೋನು ಅಂದ್ರೆ ಸಹಿಸ್ಕೊಂಡೇನು. ಅವರ ಹೆಸರಿನಾಗ ಮಾರೋನು ಅಂದ್ರಲ್ರಿ! ನಾನ ಬರ್ತೀನಿ," ಎಂದರು.

ಅಂತೆಯೇ ಭಾನುವಾರ, ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಟೇಪ್ ರೆಕಾರ್ಡರ್ ಹೊತ್ತು ಹಾಜರಾದರು. "ಬರ್ರಿ, ಕೂಡ್ರಿ," ಎಂದ ಯಜಮಾನರ ದನಿಯಲ್ಲಿ ಸ್ವಾಗತವಿರಲಿಲ್ಲ. ಸಾಹೇಬರು ಬಾಗಿಲ ಪಕ್ಕದಲ್ಲೇ ಕುಳಿತರು. ಯಜಮಾನರು ಕನ್ನಡಕ ಏರಿಸಿ ಪ್ಲೇಟನ್ನು ತಿರುಗಿಸಿ ನೋಡಿ, ತಮ್ಮ ಗ್ರಾಮಫೋನಿನ ಮೇಲಿಟ್ಟು ಮುಳ್ಳು ಬಿಟ್ಟರು. ಎದ್ದದ್ದು ನಮ್ಮ ಗಾಯಕಿಯ ಅದೇ ಭಾರವಾದ ದನಿ.

"ನೋಡ್ರಿ, ಇದು ಆಕೆ!" ಎಂದರು ಜವಳಿಯವರು. "ಪ್ಲೇಟು ಖರೇ, ಕ್ಯಾಸೆಟ್ ಸುಳ್ಳು. ಸಿಕ್ಕಿಬಿದ್ರಲ್ಲ ಸಾಹೇಬ್ರೆ."

ಸಾಹೇಬರು ಬೆವರಿದರು. ತಮ್ಮ ಪ್ಲೇಟಿನಿಂದ ಬಂದ ದನಿಯನ್ನು ಅವರೇ ಗುರುತಿಸದವರಂತೆ ಕಂಡರು. ಆಮೇಲೆ ಆ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ, "ಎರಡೂ ಕೂಡೇ ಹಾಕ್ರಿ," ಎಂದರು.

ಹಾಗೆಯೇ ಮಾಡಲಾಯಿತು. ಮೊದಲ ಪದದಲ್ಲಿ ಎರಡೂ ಜೊತೆಗಿದ್ದವು. ಪಲ್ಲವಿ ಮುಗಿಯುವಷ್ಟರಲ್ಲಿ ಕ್ಯಾಸೆಟ್ ಮುಂದೆ ಹೋಗಿತ್ತು. ಅದರಲ್ಲಿ ಎಲ್ಲೆಲ್ಲಿ ಹಾರ್ಮೋನಿಯಂ ಎಡವುತ್ತಿತ್ತೋ, ಎಲ್ಲೆಲ್ಲಿ ಆಕೆ ಉಸಿರೆಳೆದುಕೊಳ್ಳುತ್ತಿದ್ದರೋ, ಗ್ರಾಮಫೋನಿನಲ್ಲೂ ಅಲ್ಲಲ್ಲಿಯೇ, ಆದರೆ ತಡವಾಗಿ. ಕ್ಯಾಸೆಟ್ ಹಾಡು ಮುಗಿಸಿ ಸುಮ್ಮನಾದ ಮೇಲೂ ನಮ್ಮ ಗ್ರಾಮಫೋನಿನಲ್ಲಿ ಇನ್ನೊಂದು ಸಾಲು ಬಾಕಿಯಿತ್ತು.

"ನಿಮ್ಮ ಮಷೀನು ನಿಧಾನ ಐತ್ರಿ ಯಜಮಾನ್ರೆ. ಸ್ಪ್ರಿಂಗು ಸಡಿಲಾಗೈತೆ. ಪ್ಲೇಟು ಮೆಲ್ಲಗೆ ತಿರುಗಿದ್ರೆ ದನಿ ಭಾರ ಆಗ್ತೈತೆ."

"ಯಾಕ, ನಿಮ್ಮ ಟೇಪ ಓಡ್ತಿರಬೌದಲ್ಲ?" ಎಂದು ಜವಳಿಯವರು ಮೇಲೆಬಿದ್ದರು.

ನಮ್ಮೊಳಗೆ ಆಕೆಯನ್ನು ಎದುರು ಕುಳಿತು ಕೇಳಿದವರು ಯಜಮಾನರೊಬ್ಬರೇ. ಆದ್ದರಿಂದ ಎಲ್ಲರೂ ಅವರತ್ತ ತಿರುಗಿದೆವು. ಅವರು ಒಂದು ಮಾತು ಹೇಳಿದ್ದರೆ ಸಾಹೇಬರು ಪ್ಲೇಟು ಸುತ್ತಿಕೊಂಡು ಹರಿಹರದ ಬಸ್ಸು ಹತ್ತಬೇಕಾಗುತ್ತಿತ್ತು. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಅವರು ಗ್ರಾಮಫೋನಿನ ಮುಚ್ಚಳವನ್ನು ಒರೆಸತೊಡಗಿದರು.

"ನಾಟಕದಾಗ ಕೇಳಿದ್ದು ಈ ಕ್ಯಾಸೆಟ್ಟಿನ ಹಂಗೇ ಇತ್ತು," ಎಂದರು ಕೊನೆಗೆ. "ಆಕೆ ಆಗ ಇನ್ನೂ ಹುಡುಗಿ. ಇಷ್ಟು ಭಾರ ಎಲ್ಲಿಂದ ಬರಬೇಕು? ಸಾಹೇಬ್ರೆ, ಬಾಗಿಲದಾಗ ಯಾಕ ಕುಂತೀರಿ, ಈ ಕಡೆ ಬರ್ರಿ."

ಸಾಹೇಬರು ಚಾಪೆಯ ಮೇಲೆ ನಮ್ಮ ಮಧ್ಯೆ ಬಂದು ಕುಳಿತರು. ಜವಳಿಯವರು ಮಂಡಕ್ಕಿಯ ತಟ್ಟೆಯನ್ನು ಅವರ ಕಡೆಗೆ ಸರಿಸಿದರು. ಸ್ಪ್ರಿಂಗು ಬದಲಿಸಿಕೊಡುವುದಾಗಿ ಸಾಹೇಬರು ಹೇಳಿದಾಗ ಮಾತ್ರ ಯಜಮಾನರು ತಬ್ಬಿಬ್ಬಾದರು.

"ಸ್ಪ್ರಿಂಗು ಮುಟ್ಟಬ್ಯಾಡ್ರಿ. ಅದು ಇರೋ ಹಂಗೇ, ಇದರದ್ದೂ ಒಂದು ಕ್ಯಾಸೆಟ್ ಮಾಡಿಕೊಡ್ರಿ. ನಮಗೆ ಈಕೆ ರೂಢಿ ಆಗ್ಯಾಳೆ."

"ತೋಬಾ! ಹೋದ ವಾರ ನಕಲಿ ಅಂದ್ರಿ, ಈ ವಾರ ನಕಲಿ ಮಾಡಿಕೊಡು ಅಂತೀರಲ್ರಿ!"

ಆದರೂ ಟೇಪ್ ರೆಕಾರ್ಡರನ್ನು ಗ್ರಾಮಫೋನಿನ ಎದುರಿಗೆ ಸರಿಸಿಟ್ಟರು. ಗುಂಡಿ ಒತ್ತುವ ಮುನ್ನ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಅನುಮಾನದಿಂದ ನೋಡಿ, "ಕೆಮ್ಮೋರು ಈಗಲೇ ಕೆಮ್ಮಿಬಿಡ್ರಿ," ಎಂದರು.